ಬೆಟ್ಟದ ಮೇಲೆ ಬರೆದ ಅಕ್ಷರ

ಮಧುಗಿರಿಯಲ್ಲಿ ಮನೆಯ ಮಹಡಿ ಹತ್ತಿದರೆ ಬೆಟ್ಟ ಎದುರಿಗೇ ಬಂದು ನಿಲ್ಲುತ್ತದೆ. ಊರಿಗೆ ಊರೇ ಒಂದು ಬಂಡೆಯ ಬುಡದಲ್ಲಿ ಕೂತಿದೆ. ಬೆಳಗ್ಗೆ ಬೂದಿ ಬಣ್ಣಕ್ಕಿದ್ದ ಬಂಡೆ ಇಳಿಬಿಸಿಲಿಗೆ ಬೇರೆಯೇ ಬಣ್ಣವಾಗುತ್ತದೆ. ಮಳೆನೀರು ಹರಿದು ಹರಿದು ಮೂಡಿದ ಕಪ್ಪು ಪಟ್ಟೆಗಳು ಆಗ ಒಂದೊಂದಾಗಿ ಎದ್ದು ಕಾಣುತ್ತವೆ, ನಡುವೆ ಕೋಟೆಯ ಗೋಡೆ ದಾರದಂತೆ ಏರಿ ಹೋಗುತ್ತದೆ.

ಅಂಥ ಒಂದು ಸಂಜೆ ಗೆಳೆಯರ ಮನೆಯ ಮಹಡಿಯಲ್ಲಿ ನಡೆದ ಮಾತು ಇದು. ಗೆಳೆಯರು ನಲವತ್ತು ವರ್ಷ ಅಂಗಡಿ ಬೋರ್ಡು, ಗೋಡೆಬರಹ, ಹಳ್ಳಿ ನಾಟಕಗಳ ಸೀನರಿ ಬರೆದವರು. ಈಗ ಬ್ರಷ್ ಕೆಳಗಿಟ್ಟಿದ್ದಾರೆ. ಒಂದು ಕಣ್ಣಿನ ಪೊರೆ ತೆಗೆಸಿ ಆಗಿದೆ, ಇನ್ನೊಂದರದು ಬಾಕಿ. ಅವರ ತಮ್ಮನ ಮಗಳು ಬೆಂಗಳೂರಿನಲ್ಲಿ ವೆಬ್ ಪುಟ ಮಾಡುವ ಕೆಲಸದಲ್ಲಿದ್ದಾಳೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಕ್ಕೆ ಬರುವವರಿಗೆ ದಾರಿ, ಬಸ್ಸಿನ ವೇಳೆ, ನೋಡುವ ಜಾಗ ತಿಳಿಸುವ ಪುಟವೊಂದನ್ನು ಯಾರೂ ಕೇಳದೆ ತಾನಾಗಿಯೇ ಮಾಡುತ್ತಿದ್ದಳು. ಲ್ಯಾಪ್‌ಟಾಪಿನ ತುಂಬ ಬೆಟ್ಟದ ಫೋಟೊ, ಅದರ ಮೇಲೆ ಬಿಳಿ ಅಕ್ಷರ. ಅದನ್ನು ದೊಡ್ಡಪ್ಪನ ಮುಂದೆ ಇಟ್ಟಳು. ಅವರು ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು.

ಹಿರಿಯರು: 'ಮದುಗಿರಿ' ಅಂತ ಬರೆದಿದ್ದೀಯಲ್ಲಮ್ಮ.

ಹುಡುಗಿ: ಇಲ್ಲ ದೊಡ್ಡಪ್ಪ, ಮಹಾಪ್ರಾಣ ಇದೆ. 'ಮಧುಗಿರಿ' ಅಂತಲೇ ಇದೆ.

ಹಿರಿಯರು: ಎಲ್ಲಿದೆ ತೋರಿಸು. ದ ಅಕ್ಷರದ ಕೆಳಗೆ ಒಂದು ಗೀಟು ಬಂದರೆ ಅದು ಧ. ನಿನ್ನ ಗೀಟು ಬಂಡೆಯ ಬಿಳಿ ಕಲೆ ಮೇಲೆ ಕೂತಿದೆ. ಬಿಳಿ ಮೇಲೆ ಬಿಳಿ. ಊರ ಹೆಸರಿನ ಜೇನೇ ಹೋಯ್ತು.

ಹುಡುಗಿ: (ಹತ್ತಿರ ಬಗ್ಗಿ) ನನಗೆ ಕಾಣ್ತಾ ಇದೆ.

ಹಿರಿಯರು: ಬರೆದವಳು ನೀನು. ಅಲ್ಲಿ ಏನಿದೆ ಅಂತ ಗೊತ್ತಿದ್ದೇ ನೋಡ್ತೀಯ. ನಾನು ಬೋರ್ಡು ಬರೆದ ಮೇಲೆ ರಸ್ತೆ ಆಚೆ ಹೋಗಿ ನಿಂತು, ದಾರೀಲಿ ಹೋಗೋನನ್ನ ಕರೆದು ಓದಿಸ್ತಿದ್ದೆ. ಅವನು ತಡವರಿಸಿದ್ರೆ ಅಳಿಸಿ ಮತ್ತೆ ಬರೀತಿದ್ದೆ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತೆ. ನಮ್ಮದಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ಅರ್ಕಾವತ್ತು, ಹೊಟ್ಟೆ ಸೀಳಿದ್ರೆ ಷ, ಸೀಳದಿದ್ರೆ ಪ. ಇಷ್ಟು ಸಣ್ಣ ಸಣ್ಣ ಅಂಗ ಇರೋ ಅಕ್ಷರವನ್ನ ಗಲಾಟೆ ಇರೋ ನೆಲದ ಮೇಲೆ ಕೂರಿಸಬಾರದು ಕಣಮ್ಮ. ಗೋಡೆಗೆ ಮೊದಲು ಸುಣ್ಣ ಹೊಡೀತಿದ್ದೆವಲ್ಲ, ಅದು ಅಂದಕ್ಕಲ್ಲ, ಅಕ್ಷರಕ್ಕೆ ಜಾಗ ಮಾಡಿಕೊಡೋಕೆ.

ಹುಡುಗಿ: ಅದಕ್ಕೆ ನಮ್ಮಲ್ಲೂ ಅಳತೆ ಇದೆ. ಅಕ್ಷರಕ್ಕೂ ಅದರ ಹಿಂದಿನ ಬಣ್ಣಕ್ಕೂ ಬೆಳಕಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು ಅಂತ. ವೆಬ್ಬಿನ ನಿಯಮ ಮಾಡೋ ಡಬ್ಲ್ಯೂ3ಸಿ ಸಂಸ್ಥೆ 2008ರಲ್ಲೇ ಬರೆದಿಟ್ಟಿದೆ. ನಾನು ಅಳೆದು ನೋಡಿದ್ದೀನಿ.

ಹಿರಿಯರು: ಎಲ್ಲಿ ಅಳೆದೆ?

ಹುಡುಗಿ: ಬಂಡೆಯ ಕಪ್ಪು ಜಾಗದಲ್ಲಿ.

ಹಿರಿಯರು: ಧ ಕೂತಿರೋದು ಬಿಳಿ ಕಲೆ ಮೇಲೆ.

ಅವಳು ಮಾತಾಡಲಿಲ್ಲ. ಕೀಲಿಗಳ ಮೇಲೆ ಏನೋ ಒತ್ತಿದಳು. ಫೋಟೊದ ಮೇಲೆ ತೆಳ್ಳನೆಯ ಕಪ್ಪು ಮುಸುಕು ಇಳಿಯಿತು. ಬೆಟ್ಟ ಮಸುಕಾಯಿತು, ಅಕ್ಷರ ಎದ್ದಿತು. ಧ ಅಕ್ಷರದ ಗೀಟೂ ಕಂಡಿತು.

ಹುಡುಗಿ: ಈಗ?

ಹಿರಿಯರು: ಈಗ ಅಕ್ಷರ ಕಾಣುತ್ತೆ. ಬೆಟ್ಟ ಹೋಯ್ತು. ಬೆಟ್ಟ ತೋರಿಸಬೇಕು ಅಂತ ತಂದೆ, ಅಕ್ಷರ ಕಾಣಲಿಲ್ಲ ಅಂತ ಅದಕ್ಕೆ ಕಪ್ಪು ಬಟ್ಟೆ ಹೊದಿಸಿದೆ. ಹೊದಿಸೋದಕ್ಕೆ ತಂದದ್ದು ಯಾಕೆ?

ಹುಡುಗಿ: ನೀವು ಜೀವನ ಪೂರ್ತಿ ಸೀನರಿ ಬರೆದವರು. ನೀವೇ ಇದನ್ನ ಕೇಳ್ತಿದ್ದೀರಲ್ಲ ದೊಡ್ಡಪ್ಪ. 'ಕುರುಕ್ಷೇತ್ರ' ಆಡುವಾಗ ದುರ್ಯೋಧನನ ಹಿಂದೆ ದರ್ಬಾರಿನ ಪರದೆ ಬಿಡ್ತಿದ್ರಿ. ಕಂಬ, ಕಮಾನು, ಚಿನ್ನದ ಬಣ್ಣದ ಹೂವು, ಒಂದಂಗುಲ ಖಾಲಿ ಇರ್ತಿರಲಿಲ್ಲ. ಅದರ ಮುಂದೆ ಅವನು ಕಂದ ಹಾಡಿದ್ರೆ ಕೇಳ್ತಿರಲಿಲ್ವಾ? ಹಿಂದೆ ಪರದೆ ಇಲ್ಲದಿದ್ರೆ ಅವನು ನಮ್ಮೂರಿನ ಗೌಡರ ಮಗ, ಮೈಮೇಲೆ ಬಾಡಿಗೆ ಬಟ್ಟೆ, ಅಷ್ಟೇ. ಪರದೆ ಬಿಟ್ಟ ಮೇಲೆ ಹಸ್ತಿನಾವತಿ. ನನ್ನ ಪುಟಕ್ಕೂ ಅದೇ ಬೇಕು. ಫೋನು ತೆಗೆದ ತಕ್ಷಣ, ಒಂದು ಅಕ್ಷರ ಓದುವ ಮೊದಲೇ, ಇದು ಬೆಟ್ಟದ ಊರು ಅಂತ ಮೈಗೆ ತಾಕಬೇಕು.

ಹಿರಿಯರು: ಸರಿಯಾದ ಪ್ರಶ್ನೆ ಕೇಳಿದೆ. ಆದರೆ ಪರದೆಗೂ ಪಾತ್ರಕ್ಕೂ ನಡುವೆ ಹತ್ತಡಿ ಜಾಗ ಇರ್ತಿತ್ತು. ಬೆಳಕು ಮುಂದಿನಿಂದ ಮುಖಕ್ಕೆ ಬೀಳ್ತಿತ್ತು, ಪರದೆ ತನ್ನಷ್ಟಕ್ಕೆ ಹಿಂದೆ ಸರೀತಿತ್ತು. ನಾನು ಬಣ್ಣ ಕಲಸುವಾಗಲೇ ಲೆಕ್ಕ ಹಾಕ್ತಿದ್ದೆ. ರಾಜನ ಉಡುಪು ಕೆಂಪು, ಆದ್ದರಿಂದ ಆಳೆತ್ತರದವರೆಗೆ ಕೆಂಪು ಬಳೀಬಾರದು. ಹೂಬಳ್ಳಿ ಎಲ್ಲ ತಲೆಯ ಮೇಲೆ. ನಡುಮಟ್ಟದಲ್ಲಿ ತಣ್ಣನೆಯ ನೀಲಿ, ಇಲ್ಲ ಬೂದಿ. ಪಾತ್ರ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿಟ್ಟುಕೊಂಡು ಪರದೆ ಬರೀಬೇಕು. ನಿನ್ನ ಫೋಟೊ ತೆಗೆದವನಿಗೆ ನಿನ್ನ ಅಕ್ಷರ ಎಲ್ಲಿ ಕೂರುತ್ತೆ ಅಂತ ಗೊತ್ತಿತ್ತಾ?

ಹುಡುಗಿ: ಇಲ್ಲ. ಅವನು ಬೆಟ್ಟ ನೋಡಿ ಬೆಟ್ಟ ತೆಗೆದ.

ಹಿರಿಯರು: ಅದಕ್ಕೇ ಅದು ಪರದೆಯಲ್ಲ, ಪಟ. ಪಟದ ಮೇಲೆ ಯಾರೂ ಬರೆಯಲ್ಲ.

'ಪರದೆಯಲ್ಲ, ಪಟ' ಎಂಬ ಮಾತು ನನಗೆ ಬಹಳ ಹಿಡಿಸಿತು. ವೆಬ್ ಕೆಲಸದವರು ಇದನ್ನೇ ಬೇರೆ ಮಾತುಗಳಲ್ಲಿ ಹೇಳುತ್ತಾರೆ. ಪುಟದಲ್ಲಿ ಚಿತ್ರ ಇಡಲು ಎರಡು ದಾರಿ. ಬರಹದ ಜೊತೆಯಲ್ಲಿ, ಬರಹದಷ್ಟೇ ಹಕ್ಕಿನಿಂದ ಇಡುವುದು ಒಂದು. ಸಿಎಸ್‌ಎಸ್ ಎಂಬ ಅಲಂಕಾರದ ಭಾಷೆಯಲ್ಲಿ ಹೇಳಿ ಬರಹದ ಹಿಂದೆ ಹಾಸುವುದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ ಥರ ಕಾಣಬಹುದು, ಒಳಗೆ ಬಹಳ ಬೇರೆ. ಆದರೆ ಹುಡುಗಿ ಅಷ್ಟಕ್ಕೆ ಸೋಲುವವಳಲ್ಲ.

ಹುಡುಗಿ: ಒಂದು ಮಾತು ಹೇಳ್ತೀನಿ, ಕೋಪ ಮಾಡಿಕೊಳ್ಳಬೇಡಿ. ಗೋಡೆಗೆ ಸುಣ್ಣ ಹೊಡೆದು ಬರೀತಿದ್ರಿ, ನಿಜ. ಆದರೆ ಆ ಗೋಡೆ ಎಲ್ಲಿತ್ತು? ಮಧುಗಿರಿ ಬೀದೀಲಿ. ಪಕ್ಕದಲ್ಲಿ ಹುಣಸೆಮರ, ಮುಂದೆ ಚರಂಡಿ, ಮೇಲೆ ತಲೆ ಎತ್ತಿದ್ರೆ ಬೆಟ್ಟ. ಹಿನ್ನೆಲೆಯನ್ನ ನೀವು ಬರೀಬೇಕಾಗಿರಲಿಲ್ಲ, ಊರೇ ಕೊಡ್ತಿತ್ತು. ನನ್ನ ಪುಟ ಯಾವ ಬೀದೀಲೂ ಇಲ್ಲ. ದುಬೈನಲ್ಲಿರೋ ಶಿರಾದ ಹುಡುಗ ತೆಗೆದ್ರೂ ಅದೇ ಬಿಳಿ, ಬ್ಯಾಂಕಿನ ಪುಟಕ್ಕೂ ಅದೇ ಬಿಳಿ, ಆಸ್ಪತ್ರೆ ಪುಟಕ್ಕೂ ಅದೇ ಬಿಳಿ. ಅದು ನಿಮ್ಮ ಸುಣ್ಣದ ಬಿಳಿಯಲ್ಲ ದೊಡ್ಡಪ್ಪ. ಯಾರದೂ ಅಲ್ಲದ ಬಿಳಿ.

ಹಿರಿಯರು: (ಸ್ವಲ್ಪ ಹೊತ್ತಿನ ಮೇಲೆ) ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹೇಳು, ಮೊದಲಿಂದಲೂ ಹೀಗೇ ಇತ್ತಾ?

ಹುಡುಗಿ: ಮೊದಮೊದಲು ಬರೀ ಬೂದಿ ಬಣ್ಣದ ನೆಲ. 1995ರಲ್ಲಿ ನೆಟ್‌ಸ್ಕೇಪ್ ಅನ್ನೋ ಬ್ರೌಸರಿನ 1.1ನೇ ಆವೃತ್ತಿ ಬಂದಾಗ ಪುಟದ ಹಿಂದೆ ಚಿತ್ರ ಹಾಕೋ ಅನುಕೂಲ ಆಯ್ತು. ಆಗ ಟೆಲಿಫೋನ್ ತಂತೀಲಿ ಇಂಟರ್ನೆಟ್. ದೊಡ್ಡ ಚಿತ್ರ ಬರೋ ಹೊತ್ತಿಗೆ ಅನ್ನ ಬೆಂದಿರುತ್ತೆ. ಅದಕ್ಕೆ ಬೆರಳಗಲದ ಒಂದು ತುಂಡು ಕಳಿಸಿ, ಅದನ್ನೇ ಸಾಲುಸಾಲಾಗಿ ಪುಟ ತುಂಬ ಅಂಟಿಸ್ತಿದ್ರು.

ಹಿರಿಯರು: ಗೋಡೆಗೆ ಹೂವಿನ ಅಚ್ಚು ಹೊಡೆದ ಹಾಗೆ.

ಹುಡುಗಿ: ಹಾಗೇ. ಅಚ್ಚಿನ ಅಂಚು ಅಂಚಿಗೆ ಕೂಡಬೇಕು, ಇಲ್ಲದಿದ್ರೆ ಗೆರೆ ಕಾಣುತ್ತೆ. 1996ರ ಡಿಸೆಂಬರಿನಲ್ಲಿ ಸಿಎಸ್‌ಎಸ್ ಬಂತು. ಚಿತ್ರ ಒಂದೇ ಸಲ ಬರಬೇಕಾ, ಅಡ್ಡಕ್ಕೆ ಮಾತ್ರ ಮರುಕಳಿಸಬೇಕಾ, ಪುಟ ಸರಿಸಿದಾಗ ಜೊತೇಲಿ ಸರೀಬೇಕಾ, ನಿಂತಲ್ಲೇ ನಿಲ್ಲಬೇಕಾ, ಎಲ್ಲ ಹೇಳೋಕೆ ಮಾತು ಸಿಕ್ಕಿತು. ನಿಂತಲ್ಲೇ ನಿಲ್ಲೋದು ನನಗಿಷ್ಟ. ಕೊರಟಗೆರೆಯಿಂದ ಬಸ್ಸಲ್ಲಿ ಬರುವಾಗ ಹೊಲ, ತೋಟ, ಕರೆಂಟು ಕಂಬ ಎಲ್ಲ ಹಿಂದಕ್ಕೆ ಓಡುತ್ತವೆ, ಬೆಟ್ಟ ಮಾತ್ರ ಇದ್ದಲ್ಲೇ ಇರುತ್ತೆ. ಹಾಗೆ ಅಕ್ಷರ ಮೇಲೆ ಸರೀತಾ ಹೋಗ್ಲಿ, ಬೆಟ್ಟ ನಿಂತಿರಲಿ ಅಂತ.

ಹಿರಿಯರು: ಇದು ಚೆನ್ನಾಗಿದೆ. ಇದನ್ನ ನನ್ನ ಪರದೆ ಮಾಡೋಕಾಗಲ್ಲ. ಆದರೆ ಅಕ್ಷರ ಸರೀತಾ ಇದ್ದರೆ ಒಂದೊಂದು ಸಾಲೂ ಒಂದು ಸಲ ಆ ಬಿಳಿ ಕಲೆ ಮೇಲೆ ಹಾದು ಹೋಗಲೇಬೇಕಲ್ಲ?

ಹುಡುಗಿ: ಹೌದು. ಎಲ್ಲ ಸಾಲೂ.

ಚಹಾ ಬಂತು. ಮಾತು ಸ್ವಲ್ಪ ಹೊತ್ತು ಬೇರೆ ಕಡೆ ಹೋಯಿತು: ಗುಬ್ಬಿ ಕಂಪನಿಯ ಕಡೆಗೆ. ತುಮಕೂರು ಜಿಲ್ಲೆಯವರು ಪರದೆಯ ಮಾತು ತೆಗೆದು ಗುಬ್ಬಿಯನ್ನು ನೆನೆಯದೆ ಇರಲಾರರು. 1884ರಲ್ಲಿ ಹುಟ್ಟಿದ ಆ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಕಾಲಕ್ಕೆ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದಿತ್ತು. ನಾಟಕ ನೋಡಿ ಬಂದವರು ಮೊದಲು ಆನೆಯ ಸುದ್ದಿ ಹೇಳಿ, ಆಮೇಲೆ ಹಾಡಿನ ಸುದ್ದಿ ಹೇಳುತ್ತಿದ್ದರಂತೆ ಎಂದು ಹಿರಿಯರು ತಮ್ಮ ತಂದೆಯಿಂದ ಕೇಳಿದ್ದನ್ನು ಹೇಳಿದರು. ಹಿಂದೆ ಇರಬೇಕಾದದ್ದು ಮುಂದೆ ಬಂದರೂ ಜನ ಅದನ್ನು ಪ್ರೀತಿಸಿದರು ಎಂದು ಹುಡುಗಿ ಅದನ್ನೇ ತನ್ನ ಪಕ್ಷಕ್ಕೆ ಎಳೆದುಕೊಂಡಳು.

ಹಿರಿಯರು: ಪ್ರೀತಿಸಿದ್ರು, ಇಲ್ಲ ಅನ್ನಲ್ಲ. ಆದರೆ ನಾಟಕಕ್ಕೆ ಬಂದವರಿಗೆ ರಾತ್ರಿ ಪೂರ್ತಿ ಇತ್ತು. ನಿನ್ನ ಪುಟ ತೆಗೆಯೋನು ಬಸ್ ಸ್ಟ್ಯಾಂಡಿನಲ್ಲಿ ಬಿಸಿಲಲ್ಲಿ ನಿಂತಿರ್ತಾನೆ. ಪಾವಗಡದ ಬಸ್ಸು ಎಷ್ಟು ಹೊತ್ತಿಗೆ ಅಂತ ನೋಡಬೇಕು ಅವನಿಗೆ. ಆನೆ ಬೇಕಾಗಿರಲ್ಲ.

ಹುಡುಗಿ: ಅದನ್ನ ನಾನು ಅನುಭವಿಸಿದ್ದೀನಿ ದೊಡ್ಡಪ್ಪ. ಮೂರು ವರ್ಷದ ಹಿಂದೆ ಒಂದು ಹಳ್ಳಿಯ ಕಣ್ಣಿನ ತಪಾಸಣೆ ಶಿಬಿರಕ್ಕೆ ಪುಟ ಮಾಡಿಕೊಟ್ಟೆ. ಹೊಲದ ಫೋಟೊ ಹಿಂದೆ, ಬಿಳಿ ಅಕ್ಷರ ಮುಂದೆ. ನನ್ನ ಮನೇಲಿ ಚೆನ್ನಾಗಿ ಕಾಣ್ತಿತ್ತು. ಅಲ್ಲಿ ಸಿಗ್ನಲ್ ಒಂದೇ ಕಡ್ಡಿ. ಅಕ್ಷರ ಬಂತು, ಫೋಟೊ ಬರಲಿಲ್ಲ. ಫೋಟೊ ಬರದಿದ್ರೆ ಹಿಂದೆ ಯಾವ ಬಣ್ಣ ಅಂತ ನಾನು ಬರೆದಿರಲಿಲ್ಲ. ಬಿಳಿ ನೆಲದ ಮೇಲೆ ಬಿಳಿ ಅಕ್ಷರ. ಪುಟ ಖಾಲಿ ಅಂದ್ಕೊಂಡ್ರು. ಒಬ್ಬ ಅಜ್ಜಿ ಶಿಬಿರದ ಮಾರನೇ ದಿನ ಬಂದು ವಾಪಸ್ ಹೋದ್ರಂತೆ. ಒಂದೇ ಒಂದು ಸಾಲು, ಹಿಂದಿನ ಬಣ್ಣ ಇದು ಅಂತ ಬರೆದಿದ್ರೆ ಸಾಕಿತ್ತು. ಅವತ್ತಿಂದ ಮೊದಲು ಆ ಸಾಲು ಬರೆದೇ ಚಿತ್ರಕ್ಕೆ ಕೈ ಹಾಕೋದು.

ಹಿರಿಯರು: ಗೊತ್ತಿದ್ದೂ ಮತ್ತೆ ಚಿತ್ರ ಹಾಕ್ತೀಯ.

ಹುಡುಗಿ: ಹಾಕ್ತೀನಿ. ತಪ್ಪು ಚಿತ್ರದ್ದಲ್ಲ, ನನ್ನದು. ಇದೇ ಬೆಟ್ಟದ ಫೋಟೊ ಕ್ಯಾಮೆರಾದಿಂದ ಬಂದಾಗ 6 ಎಂಬಿ ಇತ್ತು. ಅಳತೆ ಇಳಿಸಿ, ವೆಬ್‌ಪಿ ಅನ್ನೋ ರೂಪಕ್ಕೆ ತಂದು, ಫೋನಿಗೆ ಬೇರೆ, ಕಂಪ್ಯೂಟರಿಗೆ ಬೇರೆ ಮಾಡಿದ ಮೇಲೆ ಫೋನಿನದು 90 ಕೆಬಿ. ಫೋಟೊ ಬರೋವರೆಗೂ ಬಂಡೆಯದೇ ಬೂದಿ ಬಣ್ಣ ಹಿಂದೆ ಇರುತ್ತೆ, ಬರದೇ ಹೋದರೂ ಇರುತ್ತೆ.

ಹಿರಿಯರು: ಆ ಬಣ್ಣಕ್ಕೆ ಎಷ್ಟು ತೂಕ?

ಹುಡುಗಿ: ಬಣ್ಣಕ್ಕೆ ತೂಕವೇ ಇಲ್ಲ ದೊಡ್ಡಪ್ಪ. ಆರು ಅಕ್ಷರದ ಒಂದು ಸಂಕೇತ.

ಹಿರಿಯರು: ಹಾಗಾದ್ರೆ ಬಣ್ಣವೇ ಇರಲಿ. ಮಧುಗಿರಿಗೆ ಬಂಡೆಯ ಬೂದಿ. ಪಾವಗಡಕ್ಕೆ ಕೆಮ್ಮಣ್ಣು. ಕೊರಟಗೆರೆಗೆ ಸಿದ್ಧರಬೆಟ್ಟದ ಮೂಲಿಕೆ ಸೊಪ್ಪಿನ ಹಸಿರು. ಶಿರಾಕ್ಕೆ ಮಲಿಕ್ ರಿಹಾನ್ ಗೋರಿಯ ಹಳೇ ಗಾರೆ ಬಣ್ಣ. ನಾನೇ ಕಲಸಿಕೊಡ್ತೀನಿ ಬೇಕಾದ್ರೆ.

ಹುಡುಗಿ: ನಿಮಗೆ ನನಗೆ ಅದು ಗೋರಿಯ ಬಣ್ಣ. ಹೊರಗಿನವರಿಗೆ ಬರೀ ತಿಳಿಹಳದಿ. ಶಿರಾ ಅಂದ್ರೆ ಹೆದ್ದಾರಿ ಪಕ್ಕದ ಊಟದ ಜಾಗ ಅಂತ ತಿಳಿದೋರಿಗೆ, 1687ರಿಂದ ಎಪ್ಪತ್ತು ವರ್ಷ ಅದು ಮೊಗಲರ ಸುಬಾದ ರಾಜಧಾನಿ ಆಗಿತ್ತು ಅಂತ ಬಣ್ಣ ಹೇಳುತ್ತಾ? ಆ ಗುಂಬಜು, ಆ ಜುಮ್ಮಾ ಮಸೀದಿಯ ಕಮಾನು ಕಣ್ಣಿಗೆ ಬೀಳಬೇಕು.

ಹಿರಿಯರು: ಬೀಳಲಿ. ಪಟವಾಗಿ ಬೀಳಲಿ, ಕೆಳಗೆ ಹೆಸರು ಬರೀ. ಅದರ ಮೇಲೆ ಬಸ್ಸಿನ ವೇಳೆ ಬರೀಬೇಡ ಅಂತೀನಿ ಅಷ್ಟೇ. ಕೊರಟಗೆರೆ ಭಾಗಕ್ಕೆ ಏನು ಹಾಕಿದ್ದೀಯ?

ಅವಳು ಪುಟ ಸರಿಸಿದಳು. ಗೊರವನಹಳ್ಳಿ ಲಕ್ಷ್ಮಿ ಬಂದಳು, ಮೇಲೆ ದರ್ಶನದ ವೇಳೆ. ಹಿರಿಯರ ಕೈ ತಾನಾಗಿ ಕೆನ್ನೆಗೆ ಹೋಯಿತು.

ಹಿರಿಯರು: ತಾಯಿಯ ಮುಖದ ಮೇಲೆ ಬರೆದಿದ್ದೀಯಲ್ಲಮ್ಮ.

ಹುಡುಗಿ: ಲಗ್ನಪತ್ರಿಕೆಗಳಲ್ಲಿ ಗಣಪತಿಯನ್ನ ತಿಳಿಯಾಗಿ ಅಚ್ಚು ಹಾಕಿ ಅದರ ಮೇಲೆ ಊಟದ ಹೊತ್ತು ಬರೆಯಲ್ವಾ? ಯಾರೂ ತಪ್ಪು ಅನ್ನಲ್ಲ.

ಹಿರಿಯರು: ನಾನು ಅಂದಿದ್ದೀನಿ. ಹಾಗೆ ಬರೆದುಕೊಡಿ ಅಂದವರಿಗೆ ದೇವರು ಮೇಲೆ, ಅಕ್ಷರ ಕೆಳಗೆ ಅಂತ ಮಾಡಿಕೊಟ್ಟಿದ್ದೀನಿ. ಭಕ್ತಿ ಒಂದು ಕಡೆ ಇರಲಿ. ಗೊರವನಹಳ್ಳಿಗೆ ಬರೋರು ಆ ಮುಖ ನೋಡೋಕೆ ಬರ್ತಾರೆ. ಸಾಲಲ್ಲಿ ನಿಂತು, ಬಾಗಿಲು ದಾಟಿ, ಆಮೇಲೆ ನೋಡ್ತಾರೆ. ನೀನು ಅದನ್ನ ಹಾಸಿಬಿಟ್ಟೆ. ಹೆಬ್ಬೆರಳು ಹಾಕಿ ಮೇಲೆ ಕೆಳಗೆ ಉಜ್ಜುತ್ತಾರೆ. ಯಾವುದನ್ನ ನೋಡೋಕೇ ಬರ್ತಾರೋ ಅದನ್ನ ಹಿಂದೆ ಹಾಕಬಾರದು.

ಹುಡುಗಿ: ...ಇದನ್ನ ತೆಗೀತೀನಿ. ನಿಮ್ಮ ಮಾತಿಗೆ ಇನ್ನೊಂದು ಕಾರಣವೂ ಸೇರಿಸ್ತೀನಿ. ಕಣ್ಣು ಕಾಣದವರ ಫೋನಿನಲ್ಲಿ ಸ್ಕ್ರೀನ್ ರೀಡರ್ ಅಂತ ಇರುತ್ತೆ, ಪುಟ ಓದಿ ಹೇಳುತ್ತೆ. ಪಟವಾಗಿ ಇಟ್ಟ ಚಿತ್ರಕ್ಕೆ ಎರಡು ಮಾತು ವಿವರಣೆ ಬರೆದಿಡಬಹುದು, 'ಗೊರವನಹಳ್ಳಿ ಮಹಾಲಕ್ಷ್ಮಿ' ಅಂತ ಅದು ಹೇಳುತ್ತೆ. ಹಿನ್ನೆಲೆಗೆ ಹಾಕಿದ ಚಿತ್ರಕ್ಕೆ ಆ ಜಾಗವೇ ಇಲ್ಲ. ಓದೋ ಯಂತ್ರ ಅಲ್ಲೇನೂ ಇಲ್ಲ ಅನ್ನೋ ಹಾಗೆ ದಾಟಿ ಹೋಗುತ್ತೆ. ಕಾಗದದ ಮೇಲೆ ಮುದ್ರಿಸಿದ್ರೂ ಹಾಗೇ. ನಾವಾಗಿ ಬೇಕು ಅನ್ನದಿದ್ರೆ ಬ್ರೌಸರು ಹಿನ್ನೆಲೆ ಬಿಟ್ಟು ಅಕ್ಷರ ಮಾತ್ರ ಮುದ್ರಿಸುತ್ತೆ.

ಹಿರಿಯರು: ಅಂದ್ರೆ ಯಂತ್ರಕ್ಕೂ ಅದು ಲೆಕ್ಕಕ್ಕಿಲ್ಲ ಅಂತ.

ಹುಡುಗಿ: ಹೌದು. ಆದರೆ ಅಕ್ಷರವೂ ಒಂದು ಕಾಲಕ್ಕೆ ಲೆಕ್ಕಕ್ಕಿರಲಿಲ್ಲ ಗೊತ್ತಾ? ಕನ್ನಡದ ಫಾಂಟ್ ಎಲ್ಲ ಕಂಪ್ಯೂಟರಲ್ಲಿ ಇಲ್ಲದ ಕಾಲದಲ್ಲಿ, ಬರಹವನ್ನೇ ಚಿತ್ರ ಮಾಡಿ ಪುಟದಲ್ಲಿ ಅಂಟಿಸ್ತಿದ್ರು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಬರೀ ಬಣ್ಣದ ಚುಕ್ಕೆ. ಹುಡುಕಿದ್ರೆ ಸಿಗಲ್ಲ, ಓದಿ ಹೇಳಲ್ಲ. ಯೂನಿಕೋಡ್ ಬಳಕೆಗೆ ಬಂದ ಮೇಲೆ ನಮ್ಮ ಅಕ್ಷರ ಅಕ್ಷರವಾಗಿಯೇ ನಿಲ್ಲೋ ಹಾಗಾಯ್ತು.

ಹಿರಿಯರು: ಅಷ್ಟು ಕಷ್ಟಪಟ್ಟು ಬಂದ ಅಕ್ಷರವನ್ನ ಮತ್ತೆ ಬಂಡೆ ಮೇಲೆ ಕಳೀತೀಯ.

ಈ ಮಾತು ಅವಳಿಗೆ ತಾಕಿತು. ಆದರೂ ತೆಗೆಯುತ್ತೇನೆ ಎನ್ನಲಿಲ್ಲ. ಶಿರಾ ಭಾಗವನ್ನು ತೋರಿಸಿದಳು. ಕಗ್ಗಲಡು ಹಳ್ಳಿಯ ಹುಣಸೆಮರದ ನೆತ್ತಿಯಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುವ ಫೋಟೊ. ಹಕ್ಕಿಗಳೆಲ್ಲ ಬಲಕ್ಕೆ, ಎಡಕ್ಕೆ ಬರೀ ಆಕಾಶ, ಆ ಆಕಾಶದಲ್ಲಿ ಅಕ್ಷರ. ಹಿರಿಯರು ಅದನ್ನು ಪೊರೆಯಿರುವ ಕಣ್ಣಿಂದಲೂ ಓದಿದರು, ಮೆಚ್ಚಿದರು. ಹಿಂದಿನ ಚಿತ್ರವೇ ಅಕ್ಷರಕ್ಕೆ ಜಾಗ ಬಿಟ್ಟುಕೊಟ್ಟಿದೆ, ತೆಗೆದವನು ಬಲ್ಲವನು ಎಂದರು. ಮುಸುಕು ಬೇಕಿಲ್ಲ, ನೆರಳು ಬೇಕಿಲ್ಲ. ಇಬ್ಬರಿಗೂ ಜಗಳವಿಲ್ಲದ ಚಿತ್ರ ಅದೊಂದೇ.

ಮುಂದೆ ಮೈದನಹಳ್ಳಿ. ಮಧುಗಿರಿ ತಾಲ್ಲೂಕಿನ ಈ ಹುಲ್ಲುಗಾವಲು 2007ರಿಂದ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು. ಒಣಹುಲ್ಲಿನ ಬಯಲು ಉದ್ದಕ್ಕೂ, ದೂರದಲ್ಲೊಂದು ಗಂಡು ಜಿಂಕೆ.

ಹಿರಿಯರು: ಇದೂ ಸರಿಯಾಗಿದೆ. ಹುಲ್ಲು ಹಿಂದೆ, ಜಿಂಕೆ ಮುಂದೆ, ಅಕ್ಷರ ಹುಲ್ಲಿನ ಮೇಲೆ.

ಹುಡುಗಿ: ಇದನ್ನೇ ನಾನು ಮೂರು ಸಲ ಬದಲಾಯಿಸಿದ್ದು ದೊಡ್ಡಪ್ಪ. ನಮ್ಮ ಕಡೆ ಹುಲ್ಲುಬಯಲು ಅಂದ್ರೆ ಖಾಲಿ ಜಾಗ ಅಂತ ಲೆಕ್ಕ. ಬೀಳು, ಏನಾದ್ರೂ ಕಟ್ಟಬಹುದು, ಗಿಡ ನೆಡಬಹುದು ಅಂತ. ಆದರೆ ಜಿಂಕೆ ಬದುಕಿರೋದು ಹುಲ್ಲಿನಿಂದ. ಹುಲ್ಲು ಹೋದ್ರೆ ಅದೂ ಇಲ್ಲ. ಹುಲ್ಲನ್ನ ಹಿನ್ನೆಲೆ ಮಾಡಿ ಮೇಲೆ ಬರೆದ್ರೆ, ಅದು ಖಾಲಿ ಅಂತ ನಾನೂ ಒಪ್ಪಿದ ಹಾಗಲ್ವಾ?

ಹಿರಿಯರು: ಮತ್ತೆ ಬೆಟ್ಟದ ವಿಷಯಕ್ಕೆ ಈ ಯೋಚನೆ ಯಾಕೆ ಬರಲಿಲ್ಲ?

ಹುಡುಗಿ: ಬೆಟ್ಟ ಖಾಲಿ ಅಂತ ಯಾರೂ ಅನ್ನಲ್ಲ. ಮೇಲೆ ಏನು ಬರೆದರೂ ಅದು ಬೆಟ್ಟವೇ.

ಈ ಜಾಗದಲ್ಲಿ ನನ್ನ ಮನಸ್ಸು ಹುಡುಗಿಯ ಕಡೆ ವಾಲಿತು. ಹಿರಿಯರ ವಾದದಲ್ಲಿ ಹಿನ್ನೆಲೆ ಎಂದರೆ ಅಕ್ಷರಕ್ಕೆ ಅಡ್ಡಿ. ಅವಳು ಅದಕ್ಕಿಂತ ಹಿಂದಕ್ಕೆ ಹೋಗಿ, ಹಿಂದೆ ಹಾಕಿದ್ದಕ್ಕೆ ಏನಾಗುತ್ತದೆ ಎಂದು ಕೇಳುತ್ತಿದ್ದಳು. ಆದರೆ ಆ ಪ್ರಶ್ನೆ ಅವಳಿಗೇ ತಿರುಗಿ ಬಂದದ್ದು ಪಾವಗಡದ ಭಾಗಕ್ಕೆ ಬಂದಾಗ. ಅಲ್ಲಿಯ ಸೌರ ವಿದ್ಯುತ್ ಪಾರ್ಕನ್ನು ಮೇಲಿನಿಂದ ತೆಗೆದ ಫೋಟೊ. ಕಣ್ಣು ಹಾಯುವವರೆಗೂ ಸೌರಫಲಕ, ನೀಲಿ ನೀರು ನಿಂತಂತೆ. ಮೇಲೆ ದಪ್ಪ ಅಕ್ಷರದಲ್ಲಿ '2050 ಮೆಗಾವಾಟ್'.

ಹಿರಿಯರು: ತಿರುಮಣಿ ಕಡೇದು. ಅಲ್ಲಿ ನಾಟಕಕ್ಕೆ ಸೀನರಿ ಕಟ್ಟಿದ್ದೀನಿ. ಒಂದು ವರ್ಷ ಕನ್ನಡದಲ್ಲಿ ಆಡಿದ್ರೆ ಇನ್ನೊಂದು ವರ್ಷ ತೆಲುಗಲ್ಲಿ. ಊರು ಎಲ್ಲೂ ಕಾಣ್ತಾ ಇಲ್ವಲ್ಲ?

ಹುಡುಗಿ: ಎಡಗಡೆ ಮೂಲೇಲಿ ಮನೆಗಳಿವೆ ನೋಡಿ.

ಹಿರಿಯರು: ನಿನ್ನ ಫೋನಲ್ಲಿ ತೋರಿಸು.

ಫೋನಿನಲ್ಲಿ ಮನೆಗಳಿರಲಿಲ್ಲ. ಅಗಲವಾದ ಚಿತ್ರ ಕಿರಿದಾದ ಪರದೆಗೆ ಬರುವಾಗ ಎರಡೂ ಅಂಚು ಕತ್ತರಿಸಿ ಹೋಗಿದ್ದವು. ಉಳಿದದ್ದು ನಡುವಿನ ನೀಲಿ ಮಾತ್ರ.

ಹಿರಿಯರು: ಯಾರು ಕತ್ತರಿಸಿದ್ದು?

ಹುಡುಗಿ: ಬ್ರೌಸರು... ಇಲ್ಲ, ನಾನೇ. ಪರದೆ ತುಂಬಬೇಕು, ಅದಕ್ಕೆ ಎಷ್ಟು ಬೇಕೋ ಅಷ್ಟು ಕತ್ತರಿಸು, ನಡುಭಾಗ ಉಳಿಸು ಅಂತ ಬರೆದಿದ್ದೀನಿ. ಎಲ್ಲರೂ ಬರೀತಾರೆ. ಕೈ ತಾನಾಗಿ ಬರೆದುಬಿಡುತ್ತೆ.

ಹಿರಿಯರು: ಅಲ್ಲಿ ಹದಿಮೂರು ಸಾವಿರ ಎಕರೆ ಕಣಮ್ಮ. ಐದು ಹಳ್ಳಿ: ತಿರುಮಣಿ, ಬಾಲಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು. ಮಳೆ ಇಲ್ಲದೆ ಕಡಲೆಕಾಯಿ ಕೈಕೊಟ್ಟ ನೆಲ. ಬೋರ್‌ವೆಲ್ ನೀರಲ್ಲಿ ಫ್ಲೋರೈಡು. ಭೂಮಿ ಕೊಂಡುಕೊಳ್ಳದೆ ಗುತ್ತಿಗೆಗೆ ತಗೊಂಡರು, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಜಮೀನಿದ್ದೋರಿಗೆ ಅದು ಬರಗಾಲದಲ್ಲೂ ಬರೋ ಬೆಳೆ ಆಯ್ತು, ಸುಳ್ಳು ಹೇಳಬಾರದು. ಜಮೀನಿಲ್ಲದೆ ಕೂಲಿಗೆ ಹೋಗ್ತಿದ್ದೋರಿಗೆ, ಬಯಲಲ್ಲಿ ಕುರಿ ಮೇಯಿಸ್ತಿದ್ದೋರಿಗೆ ಗುತ್ತಿಗೆ ಎಲ್ಲಿಂದ ಬರಬೇಕು? ಅವರು ನಿನ್ನ ಚಿತ್ರದ ಅಂಚಿನಲ್ಲಿದ್ರು. ಫೋನಲ್ಲಿ ಅಷ್ಟೂ ಇಲ್ಲ.

ಹುಡುಗಿ: ಆದರೆ ದೊಡ್ಡಪ್ಪ, 2018ರಲ್ಲಿ ಪಾರ್ಕು ಶುರುವಾದಾಗಿಂದ ಪಾವಗಡ ಅಂದ್ರೆ ಬರ ಅನ್ನೋ ಮಾತು ಸ್ವಲ್ಪ ಬದಲಾಯ್ತು. ಹೊರಗಿನವರು ಆ ಊರ ಹೆಸರನ್ನ ಬೆಳಕಿನ ಜೊತೆ ಹೇಳೋಕೆ ಶುರು ಮಾಡಿದ್ರು. ಆ ನೀಲಿ ಕಂಡ್ರೆ ಅಲ್ಲಿಯ ಹುಡುಗರಿಗೆ ಹೆಮ್ಮೆ. ಶನಿಮಹಾತ್ಮನ ಗುಡಿಗೆ ಬಂದವರು ಅದನ್ನೂ ನೋಡಿ ಹೋಗೋಣ ಅಂತಾರೆ. ಆ ಹೆಮ್ಮೆ ಅಕ್ಷರದಲ್ಲಿ ಬರಲ್ಲ. 2050 ಅಂತ ಅಂಕಿ ಬರೆದ್ರೆ ಯಾರ ಕಣ್ಣಿಗೂ ಏನೂ ಮೂಡಲ್ಲ. ಆ ನೀಲಿ ನೋಡಿದ್ರೆ ಮೂಡುತ್ತೆ.

ಹಿರಿಯರು: ಮೂಡಲಿ. ಆ ನೀಲಿ ಜೊತೆ ಊರೂ ಮೂಡಲಿ ಅಂತೀನಿ.

ಹುಡುಗಿ: ಎಡಕ್ಕೆ ಹಿಡಿ ಅಂತ ಬರೆದ್ರೆ ಮನೆ ಉಳಿಯುತ್ತೆ, ಬಲಗಡೆ ಫಲಕ ಹೋಗುತ್ತೆ. (ಬರೆದು ತೋರಿಸಿ) ನೋಡಿ.

ಹಿರಿಯರು: ಈಗ ಮನೆ ಮೇಲೆ '2050' ಕೂತಿತು.

ಬಿಸಿಲು ಬಂಡೆಯಿಂದ ಜಾರಿ ಹೋಗಿತ್ತು. ಕೆಳಗೆ ದಂಡಿನ ಮಾರಮ್ಮನ ಗುಡಿಯ ದಿಕ್ಕಿನಲ್ಲಿ ದೀಪ ಹತ್ತಿದವು. ಹುಡುಗಿ ಸುಮ್ಮನೆ ಕೂತು, ಬಳಿಕ ಇದ್ದಕ್ಕಿದ್ದಂತೆ ಹಿನ್ನೆಲೆಯ ಸಾಲುಗಳನ್ನೆಲ್ಲ ತೆಗೆದುಬಿಟ್ಟಳು. ಬರೀ ಬರಹ ಉಳಿಯಿತು. ಅಚ್ಚುಕಟ್ಟಾಗಿತ್ತು, ಎಲ್ಲ ಓದಲು ಬರುತ್ತಿತ್ತು, ಧ ಧ ಆಗಿತ್ತು. ಹಿರಿಯರು ಪುಟವನ್ನು ಮೇಲಿಂದ ಕೆಳಗೆ ಒಂದು ಸಲ ಸರಿಸಿದರು, ಮತ್ತೆ ಮೇಲಕ್ಕೆ ಬಂದರು.

ಹಿರಿಯರು: ಯಾವೂರಾದ್ರೂ ಆಗಬಹುದು ಇದು.

ಹುಡುಗಿ: ಅದನ್ನೇ ನಾನು ಹೇಳ್ತಾ ಇದ್ದದ್ದು.

ಹಿರಿಯರು: ಬೆಟ್ಟ ಹಾಕು. ಮೇಲಿನ ಭಾಗ ಪೂರ್ತಿ ಅದಕ್ಕೇ ಬಿಡು. ಮುಸುಕು ಬೇಡ, ಏನೂ ಬರೀಬೇಡ. ಊರ ಹೆಸರು ಕೆಳಗೆ, ಬೇರೆ ನೆಲದ ಮೇಲೆ.

ಹುಡುಗಿ: ಹಾಗೆ ಮಾಡಿದ್ರೆ ಫೋನಲ್ಲಿ ಮೊದಲ ಪರದೆ ಪೂರ್ತಿ ಬೆಟ್ಟವೇ. ಹೆಸರು ನೋಡೋಕೆ ಸರಿಸಬೇಕು. ಬಸ್ಸಿಗೆ ನಿಂತೋನು ಏನು ಮಾಡಬೇಕು, ನೀವೇ ಹೇಳಿದ್ರಿ.

ಹಿರಿಯರು: ಹೌದು, ಹೇಳಿದ್ದೆ.

ಹುಡುಗಿ: ನೀವೇ ಹೆಸರು ಬರೆದುಕೊಡಿ ದೊಡ್ಡಪ್ಪ. ಬ್ರಷ್‌ನಲ್ಲಿ, ಬೋರ್ಡಿಗೆ ಬರೆದ ಹಾಗೆ, ಅಂಚಿಗೆ ಶೇಡ್ ಕೊಟ್ಟು. ನಾನು ಅದನ್ನ ಬಂಡೆ ಮೇಲೆ ಇಟ್ಟು ನೋಡ್ತೀನಿ, ಬಂಡೆ ಕೆಳಗೆ ಇಟ್ಟೂ ನೋಡ್ತೀನಿ. ಯಂತ್ರಕ್ಕೆ ಓದೋಕೆ ಬೇರೆ ಅಕ್ಷರ ಜೊತೇಲಿ ಇಡ್ತೀನಿ.

ಹಿರಿಯರು: ಈ ಕಣ್ಣಲ್ಲಿ ಶೇಡ್ ನೇರ ಬರಲ್ಲಮ್ಮ. ಆಪರೇಷನ್ ಆಗಲಿ. ಅಷ್ಟರಲ್ಲಿ ಪಾವಗಡದ್ದು ಸರಿಮಾಡು. ಮೇಲಿಂದ ತೆಗೆದ ಚಿತ್ರ ಬೇಡ. ನೀನೇ ಹೋಗಿ ನೆಲದ ಮೇಲೆ ನಿಂತು ತೆಗಿ. ಒಂದು ಕಡೆ ಫಲಕ, ಒಂದು ಕಡೆ ಊರು, ನಡುವೆ ಜಾಗ ಬಿಡು ಅಕ್ಷರಕ್ಕೆ.

ಹುಡುಗಿ: ನಡುವೆ ಕುರಿ ಮೇಯ್ತಾ ಇದ್ರೆ?

ಹಿರಿಯರು ಉತ್ತರ ಕೊಡಲಿಲ್ಲ. ಬೆಟ್ಟದ ಕಡೆ ತಿರುಗಿದರು. ಕತ್ತಲಲ್ಲಿ ಅದು ಈಗ ಒಂದೇ ಬಣ್ಣವಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ, ಬೆಳಗ್ಗೆ ಪಾವಗಡಕ್ಕೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಅವಳು ತನ್ನ ಪುಟವನ್ನೇ ತೆರೆದು, ಬೆರಳಿಂದ ಕೆಳಕ್ಕೆ ಸರಿಸುತ್ತಾ ಹುಡುಕತೊಡಗಿದಳು.